‘ರಾಯಲ್ ಓಕ್’ ಲೇಖನ: ಕಮ್ಮಾರನನ್ನು ಉಳಿಸಿಕೊಂಡು ತಿದ್ದಿ ಕಳಿಸಿ

ನಮಸ್ಕಾರ.

ಇಂಗ್ಲೆಂಡಿನಲ್ಲಿ ನೀವಿರುವ ಹಳ್ಳಿಯ ‘ರಾಯಲ್ ಓಕ್’ ಪಬ್ ಮತ್ತು ಅದನ್ನು ನಡೆಸಿದವರ ಕುರಿತ ಲೇಖನ ಓದಿದೆವು. ಈಗಿರುವ ಹಾಗೆ ಹಾಕಲಾಗದು. ಹದಿನೇಳು ಹೆಸರು, ಪಕ್ಕದಲ್ಲಿ ಇಸವಿ. ಶಾಲೆಯಲ್ಲಿ ಹಾಜರಿ ಕೂಗಿದಂತಿದೆ.

‘ಲ್ಯಾಂಡ್‌ಲಾರ್ಡ್’ ಎಂಬುದನ್ನು ಉದ್ದಕ್ಕೂ ‘ಜಮೀನ್ದಾರ’ ಮಾಡಿದ್ದೀರಿ. ಪಬ್ಬಿನ ಲ್ಯಾಂಡ್‌ಲಾರ್ಡ್ ಅಂದರೆ ಲೈಸೆನ್ಸ್ ಪಡೆದು ಗಲ್ಲಾ ನೋಡಿಕೊಂಡವನು. ಕಟ್ಟಡ ಬಹಳ ಸಲ ಬಿಯರ್ ತಯಾರಿಸುವ ಬ್ರುವರಿಯದಾಗಿರುತ್ತಿತ್ತು. ಇವನು ಬಾಡಿಗೆದಾರ, ಬಿಯರನ್ನೂ ಅವರಿಂದಲೇ ಕೊಳ್ಳಬೇಕಿತ್ತು. ಹಾಗಾಗಿ ‘ನಾಲ್ಕೇ ವರ್ಷಕ್ಕೆ ಆಸ್ತಿ ಮಾರಿದ’ ಅನ್ನಲು ಕ್ರಯಪತ್ರ ಬೇಕು. ಇಲ್ಲದಿದ್ದರೆ ‘ಬಿಟ್ಟುಹೋದ’ ಸಾಕು.

‘1500ರಿಂದ ಇದೇ ಹೆಸರು’ ಎಂಬ ಸಾಲು ಹೊಡೆದುಹಾಕಿ. ವೂಸ್ಟರ್ ಕಾಳಗದಲ್ಲಿ ಸೋತ ರಾಜ ಎರಡನೇ ಚಾರ್ಲ್ಸ್ ಬಾಸ್ಕೊಬೆಲ್ ಎಂಬಲ್ಲಿನ ಓಕ್ ಮರದಲ್ಲಿ ಅಡಗಿದ್ದು 1651ರಲ್ಲಿ. ಅವನು ಪಟ್ಟಕ್ಕೆ ಮರಳಿದ್ದು 1660ರಲ್ಲಿ. ಬೋರ್ಡಿನ ಮೇಲಿನ ಮರ ಅದೇ. ಗೋಡೆ ಹಳೆಯದಿರಬಹುದು, ಹೆಸರಲ್ಲ.

1841ರ ಜನಗಣತಿಯಲ್ಲಿ 35 ವರ್ಷದ ಕಮ್ಮಾರ, 1851ರಲ್ಲಿ ಅದೇ ಹೆಸರಿನ 48 ವರ್ಷದವ. ಇಬ್ಬರು ಬೇರೆ ಎಂದು ಒಂದು ಪ್ಯಾರಾ ವಾದಿಸಿದ್ದೀರಿ. 1841ರಲ್ಲಿ ದೊಡ್ಡವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. 38 ಅಲ್ಲಿ 35 ಆಗುತ್ತದೆ. ಒಬ್ಬನೇ ಇರಬೇಕು.

ನಿಮ್ಮ ಪಟ್ಟಿಯ ಮೊದಲ ಹೆಸರೂ ಇವನೇ, 1831ರಲ್ಲಿ. ಆ ಇಸವಿ ಯಾಕೆ ಎಂದು ನೀವು ಕೇಳಿಕೊಂಡಿಲ್ಲ. 1830ರ ಬಿಯರ್‌ಹೌಸ್ ಕಾಯ್ದೆ ಬಂದ ಮೇಲೆ, ಮನೆಯ ತೆರಿಗೆ ಕಟ್ಟುವವರು ಎರಡು ಗಿನಿ (ಆಗಿನ ಇಂಗ್ಲಿಷ್ ಹಣ) ಶುಲ್ಕ ಕೊಟ್ಟು, ಮ್ಯಾಜಿಸ್ಟ್ರೇಟರ ಬಾಗಿಲು ತಟ್ಟದೆ, ಸ್ವಂತ ಮನೆಯಲ್ಲೇ ಬಿಯರ್ ಮಾರಬಹುದಿತ್ತು. ಜಿನ್, ಬ್ರಾಂದಿಗೆ ಅವಕಾಶವಿರಲಿಲ್ಲ. 1869ರಲ್ಲಿ ಅಧಿಕಾರ ಮತ್ತೆ ಮ್ಯಾಜಿಸ್ಟ್ರೇಟರ ಕೈಸೇರಿತು. ‘ಕಮ್ಮಾರ ಮತ್ತು ಬಿಯರ್ ಮಾರುವವ’ ಎಂಬ ನಮೂದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀರಲ್ಲ, ಲೇಖನ ಇರುವುದೇ ಅಲ್ಲಿ! ಬರೀ ಬಿಯರಿನಿಂದ ಹೊಟ್ಟೆ ತುಂಬದವರು ಕುಲುಮೆಯನ್ನೋ ಹೊಲವನ್ನೋ ಬಿಡುತ್ತಿರಲಿಲ್ಲ.

ಅದಕ್ಕೂ ಮೊದಲೇ ಪಬ್ ಇತ್ತೆಂದಾದರೆ ಕೌಂಟಿ ದಾಖಲೆ ಕಚೇರಿಯಲ್ಲಿ 1753ರಿಂದ 1828ರವರೆಗಿನ ಲೈಸೆನ್ಸ್ ಪಟ್ಟಿ ಕೇಳಿ. ಬಹಳ ಕಡೆ ಉಳಿದಿವೆ. 1931ರ ಗಣತಿಗಾಗಿ ಅಲೆಯಬೇಡಿ, 1942ರ ಬೆಂಕಿಯಲ್ಲಿ ಸುಟ್ಟಿದೆ. 1941ರಲ್ಲಿ ಗಣತಿಯೇ ಆಗಲಿಲ್ಲ. ಯುದ್ಧ ಶುರುವಾದಾಗ ಮನೆಮನೆಯ ಜನರನ್ನು ಬರೆದುಕೊಂಡ 1939ರ ರಿಜಿಸ್ಟರ್ ನೋಡಿ.

ಕಮ್ಮಾರ ತೀರಿಕೊಂಡ ಮೇಲೆ ಲೈಸೆನ್ಸ್ ಹೆಂಡತಿಯ ಹೆಸರಿಗೆ ಬಂದದ್ದಕ್ಕೆ ಅರ್ಧ ಸಾಲು ಕೊಟ್ಟಿದ್ದೀರಿ. ಆಕೆಗೆ ಒಂದು ಪುಟ ಕೊಡಿ. ಉಳಿದವರಲ್ಲಿ ಹತ್ತು ಜನರನ್ನು ಕೈಬಿಟ್ಟರೂ ನಡೆದೀತು. 1200 ಪದ ಮೀರದಂತೆ ಕಳಿಸಿ.

ಸಂಪಾದಕ