ಬುಚ್ ಕಾರ್ಪ್ ಸರಣಿಯನ್ನು ಎಲ್ಲಿಂದ ಓದಬೇಕು, ಎಲ್ಲಿ ನಿಲ್ಲಿಸಬಹುದು

ನಿಮ್ಮ ಗೊಂದಲ ನನಗೆ ಅರ್ಥವಾಗುತ್ತದೆ. ರಾಬರ್ಟ್ ಕೆ. ಟ್ಯಾನೆನ್‌ಬಾಮ್ ಅವರ ಹೆಸರಿನಲ್ಲಿ ಬಂದಿರುವ, ನ್ಯೂಯಾರ್ಕ್ ನಗರದಲ್ಲಿ ಸರ್ಕಾರದ ಪರ ಮೊಕದ್ದಮೆ ನಡೆಸುವ ವಕೀಲ (ಪ್ರಾಸಿಕ್ಯೂಟರ್) ಬುಚ್ ಕಾರ್ಪ್‌ನ ಸರಣಿಯನ್ನು ಕುರಿತು ಒಬ್ಬ ಓದುಗರು ಇಷ್ಟು ನಿಜವೆನ್ನಿಸುವ ಕೋರ್ಟು ಕಾದಂಬರಿಯನ್ನು ಬೇರೆಲ್ಲೂ ಕಂಡಿಲ್ಲವೆಂದು ಹೇಳಿದರೆ, ಮತ್ತೊಬ್ಬರು ನೂರು ಪುಟ ದಾಟಲಾಗದೆ ಕೆಳಗಿಟ್ಟೆನೆಂದು ಹೇಳುತ್ತಾರೆ. ಹೀಗಿರುವಾಗ 29 ಪುಸ್ತಕಗಳ ಸರಣಿಗೆ ಕೈ ಹಾಕುವುದೋ ಬೇಡವೋ, ಹಾಕುವುದಾದರೆ ಎಲ್ಲಿಂದ ಎಂದು ಕೇಳಿದ್ದೀರಿ. ಖಂಡಿತ ಓದಿ, ಮೊದಲ ಪುಸ್ತಕದಿಂದಲೇ ಓದಿ ಎಂಬುದು ನನ್ನ ಉತ್ತರ. ಆದರೆ ಯಾರದೇ ಅಭಿಪ್ರಾಯವನ್ನು ನಂಬುವ ಮೊದಲು ಅವರು ಯಾವ ಪುಸ್ತಕವನ್ನು ಓದಿ ಹಾಗೆ ಹೇಳಿದ್ದಾರೆಂದು ವಿಚಾರಿಸಿಕೊಳ್ಳಿ. ಹೊಗಳುವವರೂ ತೆಗಳುವವರೂ ಬಹಳ ಸಲ ಬೇರೆ ಬೇರೆ ಪುಸ್ತಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿರುತ್ತಾರೆ.

ಇದಕ್ಕೆ ಕಾರಣ ಈ ಸರಣಿಯನ್ನು ಬರೆದ ಕೈಗಳಲ್ಲಿದೆ. ಟ್ಯಾನೆನ್‌ಬಾಮ್ ಸ್ವತಃ ಮ್ಯಾನ್‌ಹಟನ್ನಿನ ಡಿಸ್ಟ್ರಿಕ್ಟ್ ಅಟಾರ್ನಿ (ಅಲ್ಲಿನ ಮುಖ್ಯ ಪ್ರಾಸಿಕ್ಯೂಟರ್) ಕಚೇರಿಯಲ್ಲಿ, ಆಗ ಆ ಹುದ್ದೆಯಲ್ಲಿದ್ದ ಫ್ರಾಂಕ್ ಹೋಗನ್ ಅವರ ಕೈಕೆಳಗೆ ಕೆಲಸ ಮಾಡಿ, ಕೊಲೆ ಪ್ರಕರಣಗಳ ವಿಭಾಗವನ್ನು ನಡೆಸಿದವರು. ಅಧ್ಯಕ್ಷ ಕೆನಡಿಯ ಹತ್ಯೆಯನ್ನು ಮತ್ತೆ ಪರಿಶೀಲಿಸಿದ ಅಮೆರಿಕದ ಕೆಳಮನೆಯ ಸಮಿತಿಗೂ ವಕೀಲರಾಗಿದ್ದವರು. ಅನುಭವವೆಲ್ಲ ಅವರದು. ಆದರೆ 1987ರ ‘ನೋ ಲೆಸ್ಸರ್ ಪ್ಲೀ’ಯಿಂದ 2003ರ ‘ರಿಸಾಲ್ವ್ಡ್’ವರೆಗಿನ 15 ಕಾದಂಬರಿಗಳನ್ನು ಬರೆದುಕೊಟ್ಟವರು ಅವರ ಸೋದರಸಂಬಂಧಿ ಮೈಕೆಲ್ ಗ್ರೂಬರ್. ಗ್ರೂಬರ್ 2003ರಲ್ಲಿ ತಮ್ಮದೇ ಹೆಸರಿನಲ್ಲಿ ಕಾದಂಬರಿ ಪ್ರಕಟಿಸತೊಡಗಿದರು, ಈ ಸರಣಿಯಿಂದ ಹೊರಬಂದರು. 2004ರ ‘ಹೋಕ್ಸ್’ನಿಂದ 2017ರವರೆಗೆ ಬಂದ ಉಳಿದ 14 ಪುಸ್ತಕಗಳಲ್ಲಿ ಹೆಸರುಗಳು ಅವೇ, ಊರು ಅದೇ, ವಾಕ್ಯ ಮಾತ್ರ ಬೇರೆಯವರದು. ಈ ಸಂಗತಿ ಗೊತ್ತಿಲ್ಲದ ಓದುಗರು ಕೂಡ ಸರಿಯಾಗಿ ಅಲ್ಲಿಯೇ ಏನೋ ಬದಲಾಯಿತೆಂದು ಗುರುತಿಸಿದ್ದಾರೆ ಎಂಬುದು ನನಗೆ ಓದುಗರ ಬಗ್ಗೆ ಗೌರವ ಹುಟ್ಟಿಸುವ ವಿಷಯ.

ಮೊದಲ ಪುಸ್ತಕಗಳ ಬಲ ಯಾವುದೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮಗೆ ಇವು ರುಚಿಸುತ್ತವೆಯೇ ಇಲ್ಲವೇ ಎಂಬುದು ಅದರ ಮೇಲೆಯೇ ನಿಂತಿದೆ. ಸಾಮಾನ್ಯವಾಗಿ ಕೋರ್ಟು ಕಾದಂಬರಿಯೆಂದರೆ ಒಂದು ಕೊಲೆ, ಒಂದು ವಿಚಾರಣೆ, ಕೊನೆಯಲ್ಲಿ ಕಟಕಟೆಯಲ್ಲಿ ನಿಂತವನ ಬಾಯಿಂದ ಸತ್ಯ ಹೊರಬೀಳುವುದು. ಈ ಪುಸ್ತಕಗಳು ಹಾಗಲ್ಲ. ಇಲ್ಲಿ ಕಾಣುವುದು ಒಂದು ಕಚೇರಿ, ಆ ಕಚೇರಿಗೆ ದಿನವೂ ಬಂದು ಬೀಳುವ ಕಡತಗಳ ರಾಶಿ, ಅದನ್ನು ಹೇಗಾದರೂ ಕರಗಿಸಲೇಬೇಕಾದ ಯುವ ವಕೀಲರು. ಸೆಂಟರ್ ಸ್ಟ್ರೀಟ್‌ನ 100ನೇ ಸಂಖ್ಯೆಯ ಕ್ರಿಮಿನಲ್ ನ್ಯಾಯಾಲಯದಲ್ಲಿ ಬಂಧಿತರನ್ನು ಮೊದಲ ಸಲ ನ್ಯಾಯಾಧೀಶರ ಮುಂದೆ ಹಾಜರುಪಡಿಸುವ ಕೋಣೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಪಕ್ಕದ ಬಾಗಿಲಿನಿಂದ ಒಬ್ಬ ಆರೋಪಿಯನ್ನು ಕರೆತರುತ್ತಾರೆ, ಪ್ರಾಸಿಕ್ಯೂಟರ್ ತಾನು ಹಿಂದೆಂದೂ ನೋಡಿರದ ಕಡತವನ್ನು ಬಿಡಿಸಿ ಎರಡು ಸಾಲು ಓದಿ ಜಾಮೀನಿನ ಮೊತ್ತ ಹೇಳುತ್ತಾನೆ, ಆರೋಪಿಯ ಪರ ನಿಂತ ವಕೀಲನೂ ಕಕ್ಷಿದಾರನ ಮುಖವನ್ನು ಆಗಷ್ಟೇ ಕಂಡಿರುತ್ತಾನೆ, ನ್ಯಾಯಾಧೀಶರು ದಿನಾಂಕ ಕೊಡುತ್ತಾರೆ, ಮುಂದಿನ ಹೆಸರು ಕೂಗುತ್ತಾರೆ. ಕೆಲವೇ ನಿಮಿಷದ ಮಾತು. ಈ ಕೆಲಸ ರಾತ್ರಿಯ ಪಾಳಿಯಲ್ಲಿ ಒಂದು ಗಂಟೆಯವರೆಗೂ ನಡೆಯುತ್ತದೆ. ಇಂಥ ಕೋಣೆಯಲ್ಲಿ ನ್ಯಾಯವೆಂದರೇನು ಎಂಬ ಪ್ರಶ್ನೆಯನ್ನು ಗ್ರೂಬರ್ ಎಲ್ಲಿಯೂ ಭಾಷಣ ಮಾಡದೆ, ಬರಿಯ ಕೆಲಸದ ವಿವರದಿಂದಲೇ ಎತ್ತಿಬಿಡುತ್ತಾರೆ.

ಮೊದಲ ಪುಸ್ತಕದ ಶೀರ್ಷಿಕೆಯ ಅರ್ಥವೂ (ಕಡಿಮೆ ಆರೋಪದ ತಪ್ಪೊಪ್ಪಿಗೆಗೆ ಜಾಗವಿಲ್ಲ) ಇಲ್ಲಿಯೇ ಇದೆ. ಅಮೆರಿಕದ ರಾಜ್ಯಗಳ ಕ್ರಿಮಿನಲ್ ಪ್ರಕರಣಗಳಲ್ಲಿ ಶಿಕ್ಷೆಯಾಗುವ ಸುಮಾರು ನೂರಕ್ಕೆ 94 ಪ್ರಕರಣಗಳು ವಿಚಾರಣೆಯೇ ಇಲ್ಲದೆ, ತಪ್ಪೊಪ್ಪಿಗೆಯಿಂದ ಮುಗಿಯುತ್ತವೆಂದು ಅಲ್ಲಿನ ಸುಪ್ರೀಂ ಕೋರ್ಟೇ 2012ರ ಒಂದು ತೀರ್ಪಿನಲ್ಲಿ ಹೇಳಿದೆ. ಕೊಲೆಯ ಆರೋಪವನ್ನು ಅದಕ್ಕಿಂತ ಕಡಿಮೆ ಶಿಕ್ಷೆಯ ನರಹತ್ಯೆಗೆ ಇಳಿಸಿ ಒಪ್ಪಿಕೊಂಡರೆ ಆರೋಪಿಗೆ ಜೀವಾವಧಿಯ ಭಯ ತಪ್ಪುತ್ತದೆ, ಕಚೇರಿಗೆ ವಾರಗಟ್ಟಲೆ ನಡೆಯುವ ವಿಚಾರಣೆ ತಪ್ಪುತ್ತದೆ. ಇಂಥ ಇಳಿಕೆಗೆ ಒಪ್ಪಲಾರೆನೆಂದು ಒಬ್ಬ ಪ್ರಾಸಿಕ್ಯೂಟರ್ ಹಟ ಹಿಡಿದರೆ ಅವನ ಸಹೋದ್ಯೋಗಿಗಳ ಮೇಲೆ, ಮೇಲಧಿಕಾರಿಯ ಮೇಲೆ, ತುಂಬಿ ತುಳುಕುವ ಜೈಲಿನ ಮೇಲೆ ಏನು ಪರಿಣಾಮವಾಗುತ್ತದೆ ಎಂಬುದೇ ಆ ಕಾದಂಬರಿಯ ನಿಜವಾದ ಕಥೆ. ಇದು ಕಲ್ಪನೆಯ ಸಂಕಟವಲ್ಲ. 1971ರಲ್ಲಿ ನ್ಯೂಯಾರ್ಕಿನದೇ ಸ್ಯಾಂಟೊಬೆಲ್ಲೊ ಎಂಬ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು: ಶಿಕ್ಷೆಯ ಪ್ರಮಾಣದ ಬಗ್ಗೆ ಏನನ್ನೂ ಹೇಳುವುದಿಲ್ಲವೆಂದು ಒಬ್ಬ ಪ್ರಾಸಿಕ್ಯೂಟರ್ ಆರೋಪಿಗೆ ಮಾತು ಕೊಟ್ಟಿದ್ದ, ತಿಂಗಳುಗಳು ಕಳೆದ ಮೇಲೆ ಆ ಜಾಗಕ್ಕೆ ಬಂದ ಇನ್ನೊಬ್ಬ ಆ ಮಾತಿನ ವಿಚಾರವೇ ತಿಳಿಯದೆ ಗರಿಷ್ಠ ಶಿಕ್ಷೆ ಕೇಳಿಬಿಟ್ಟ. ಕಚೇರಿಯ ಎಡಗೈಗೂ ಬಲಗೈಗೂ ಮಾತಿರಬೇಕೆಂದು ನ್ಯಾಯಾಲಯ ಹೇಳಬೇಕಾಯಿತು. ಈ ಕಾದಂಬರಿಗಳನ್ನು ಓದುವಾಗ ಅಂಥ ಪ್ರಮಾದ ಹೇಗೆ ಆಗುತ್ತದೆಂದು ತಾನಾಗಿ ತಿಳಿಯುತ್ತದೆ.

‘ನೋ ಲೆಸ್ಸರ್ ಪ್ಲೀ’ ನಡುವಿನಲ್ಲಿ ಎಳೆದಂತಾಗುತ್ತದೆ ಎಂಬುದು ಹಲವರ ದೂರು. ದರೋಡೆ ಮಾಡಿ ಕೊಂದವನೊಬ್ಬ ಬುದ್ಧಿಭ್ರಮಣೆಯ ನಟನೆ ಮಾಡಿ ವಿಚಾರಣೆಯಿಂದ ನುಣುಚಿಕೊಳ್ಳುವ ಭಾಗವದು. ಒಂದು ವ್ಯತ್ಯಾಸವನ್ನು ಮೊದಲೇ ತಿಳಿದುಕೊಂಡರೆ ಆ ಭಾಗ ಎಳೆಯುವುದಿಲ್ಲ. ಅಪರಾಧ ನಡೆದ ಗಳಿಗೆಯಲ್ಲಿ ಮನಸ್ಸು ಸ್ವಸ್ಥವಿತ್ತೇ ಎಂಬುದು ಒಂದು ಪ್ರಶ್ನೆ, ಅದನ್ನು ಜ್ಯೂರಿ ತೀರ್ಮಾನಿಸುತ್ತದೆ. ಈಗ ಕೋರ್ಟಿನಲ್ಲಿ ಕೂತು ತನ್ನ ಮೇಲಿನ ಆರೋಪವನ್ನು ಅರ್ಥಮಾಡಿಕೊಂಡು ವಕೀಲನಿಗೆ ನೆರವಾಗುವ ಶಕ್ತಿ ಇದೆಯೇ ಎಂಬುದು ಬೇರೆಯದೇ ಪ್ರಶ್ನೆ, ಅದಕ್ಕೆ ತಜ್ಞರು ಪರೀಕ್ಷಿಸಿ ಕೊಟ್ಟ ವರದಿಯ ಆಧಾರದ ಮೇಲೆ ನ್ಯಾಯಾಧೀಶರು ಉತ್ತರಿಸುತ್ತಾರೆ. ಎರಡನೆಯದರಲ್ಲಿ ಶಕ್ತಿಯಿಲ್ಲವೆಂದಾದರೆ ವಿಚಾರಣೆ ನಿಲ್ಲುತ್ತದೆ, ಆರೋಪಿ ಆಸ್ಪತ್ರೆಗೆ ಹೋಗುತ್ತಾನೆ, ಸಾಕ್ಷಿಗಳ ನೆನಪು ಹಳೆಯದಾಗುತ್ತ ಹೋಗುತ್ತದೆ. ಖಳನ ಲೆಕ್ಕಾಚಾರವೆಲ್ಲ ಈ ಸಮಯದ ಮೇಲಿದೆ. ಇಷ್ಟು ಗೊತ್ತಿದ್ದರೆ ಆ ಅಧ್ಯಾಯಗಳಲ್ಲಿ ಒಂದೊಂದು ತಿಂಗಳು ಉರುಳುವುದೂ ಎದೆ ಹಿಂಡುತ್ತದೆ.

ಹಾಗೆಯೇ ಇನ್ನೆರಡು ಶೀರ್ಷಿಕೆಗಳ ಬಗ್ಗೆ. ‘ಡಿಪ್ರೇವ್ಡ್ ಇಂಡಿಫರೆನ್ಸ್’ ಎಂಬುದು ನ್ಯೂಯಾರ್ಕಿನ ದಂಡಸಂಹಿತೆಯ ಮಾತೇ. ಯಾರನ್ನೂ ಗುರಿಯಿಟ್ಟು ಕೊಲ್ಲುವ ಉದ್ದೇಶವಿಲ್ಲದಿದ್ದರೂ ಮನುಷ್ಯರ ಪ್ರಾಣದ ಬಗ್ಗೆ ಘೋರವಾದ ನಿರ್ಲಕ್ಷ್ಯ ತೋರಿ ಸಾವಿಗೆ ಕಾರಣನಾದರೆ ಅದೂ ಎರಡನೆಯ ದರ್ಜೆಯ ಕೊಲೆಯಾಗುತ್ತದೆ. ಆ ರಾಜ್ಯದಲ್ಲಿ ಉದ್ದೇಶಪೂರ್ವಕವಾದ ಸಾಮಾನ್ಯ ಕೊಲೆಯೂ ಎರಡನೆಯ ದರ್ಜೆಯದೇ ಆದ್ದರಿಂದ, ದರ್ಜೆ ಎರಡು ಎಂದ ಕೂಡಲೇ ಹಗುರವಾದ ಆರೋಪವೆಂದು ತಿಳಿಯಬಾರದು. ಈ ಕಾದಂಬರಿಯ ಹಿಂದೆ 1976ರ ಸೆಪ್ಟೆಂಬರಿನ ನಿಜ ಘಟನೆಯ ನೆರಳಿದೆ. ಆಗ ಕ್ರೊಯೇಷಿಯಾದ ಸ್ವಾತಂತ್ರ್ಯವಾದಿಗಳು ಒಂದು ವಿಮಾನವನ್ನು ಅಪಹರಿಸಿದ್ದರು, ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಲಾಕರಿನಲ್ಲಿ ಅವರು ಇಟ್ಟಿದ್ದ ಬಾಂಬನ್ನು ನಿಷ್ಕ್ರಿಯಗೊಳಿಸಲು ಹೋದ ಪೊಲೀಸ್ ಅಧಿಕಾರಿ ಜೀವ ಕಳೆದುಕೊಂಡಿದ್ದರು. ‘ಇರ್ರೆಸಿಸ್ಟಿಬಲ್ ಇಂಪಲ್ಸ್’ ಎಂಬುದಂತೂ ನ್ಯೂಯಾರ್ಕಿನ ಕಾನೂನು ಒಪ್ಪುವ ವಾದವೇ ಅಲ್ಲ; ತಡೆಯಲಾಗದ ಆವೇಗ ಬಂತೆಂದರೆ ಸಾಲದು, ತಾನು ಮಾಡುತ್ತಿರುವುದೇನು ಅಥವಾ ಅದು ತಪ್ಪೆಂದು ಗ್ರಹಿಸುವ ಶಕ್ತಿಯೇ ಇರಲಿಲ್ಲವೆಂದು ಅಲ್ಲಿ ತೋರಿಸಬೇಕು. ಶೀರ್ಷಿಕೆಯನ್ನು ಆ ವಾದದ ಹೆಸರೆಂದು ಓದಿದರೆ ದಾರಿ ತಪ್ಪುತ್ತದೆ.

ಒಬ್ಬ ಓದುಗರು, ಕಾರ್ಪ್ ಅತಿಯಾದ ಸಜ್ಜನ, ಅವನ ನೀತಿ ಬೇಸರ ತರಿಸುತ್ತದೆ ಎಂದು ಬರೆದಿದ್ದಾರೆ. ಈ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಮೊದಲ ಹದಿನೈದು ಪುಸ್ತಕಗಳಲ್ಲಿ ಅವನ ಸುತ್ತ ಅವನನ್ನು ಅಲ್ಲಗಳೆಯುವವರು ಇದ್ದಾರೆ: ಒಪ್ಪಂದ ಕುದುರಿಸುವುದರಲ್ಲಿ ಪಳಗಿದ ರೇ ಗೂಮಾ, ಸಿರಿವಂತ ಮನೆತನದಿಂದ ಬಂದ ವಿ. ಟಿ. ನ್ಯೂಬರಿ, ಎಲ್ಲರಿಗಿಂತ ಹೆಚ್ಚಾಗಿ ಮಾರ್ಲೀನ್ ಚಾಂಪಿ. ಮಾರ್ಲೀನ್ ಅದೇ ಕಚೇರಿಯ ಪ್ರಾಸಿಕ್ಯೂಟರ್ ಆಗಿ ಬಂದು, ಕಾರ್ಪ್‌ನ ಹೆಂಡತಿಯಾಗಿ, ಕಾನೂನು ಕಾಪಾಡಲಾರದ ಹೆಂಗಸರನ್ನು ಕಾನೂನಿನ ಅಂಚಿನಾಚೆ ನಿಂತು ಕಾಪಾಡುವ ಹಾದಿ ಹಿಡಿಯುತ್ತಾಳೆ. ಗಂಡ ಕಾನೂನಿನ ಗೆರೆಯನ್ನು ದಾಟಲಾರ, ಹೆಂಡತಿ ಆ ಗೆರೆಯಿಂದ ಸತ್ತವರನ್ನು ಕಂಡಿದ್ದಾಳೆ. ಒಂದೇ ಊಟದ ಮೇಜಿನ ಎರಡು ಬದಿಯಲ್ಲಿ ಇವರಿಬ್ಬರು ಕೂತಾಗ ಓದುಗನಿಗೆ ಇಬ್ಬರಲ್ಲಿ ಯಾರ ಕಡೆ ವಾಲಬೇಕೆಂದು ತಿಳಿಯುವುದಿಲ್ಲ. ಮಾರ್ಲೀನಳ ಹಾದಿ ನಂಬಲರ್ಹವಲ್ಲವೆಂದು ಹಲವರು ಸಿಟ್ಟಾಗುತ್ತಾರೆ. ನನಗಾದರೋ ಸರಣಿಯ ಜೀವವೇ ಅವಳು. ನಂತರದ ಪುಸ್ತಕಗಳಲ್ಲಿ ಆ ಎದುರುಮಾತು ಕ್ಷೀಣಿಸಿ ಎಲ್ಲರೂ ಕಾರ್ಪ್ ಹೇಳಿದ್ದಕ್ಕೆ ತಲೆದೂಗತೊಡಗುತ್ತಾರೆ, ಆಗ ಅವನ ಸಜ್ಜನಿಕೆ ನಿಜಕ್ಕೂ ಭಾರವಾಗುತ್ತದೆ. ಆ ದೂರು ಬರೆದವರು ಪ್ರಾಯಶಃ ಅವನ್ನು ಓದಿದ್ದಾರೆ.

‘ಮೆಟೀರಿಯಲ್ ವಿಟ್ನೆಸ್’ನಲ್ಲಿ ಕಾರ್ಪ್ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡದೊಳಗೆ ಸೇರಿಕೊಳ್ಳುವುದನ್ನು ನಂಬಲು ನನಗೂ ಆಗಲಿಲ್ಲ. ಅದೊಂದನ್ನು ವೇಗವಾಗಿ ದಾಟಿ.

2004ರ ನಂತರದವನ್ನು ಪೂರ್ತಿ ತಳ್ಳಿಹಾಕುವವರ ಜೊತೆ ನಾನಿಲ್ಲ. ಪಾಟೀಸವಾಲಿನ ದೃಶ್ಯಗಳು ಅಲ್ಲಿಯೂ ಗಟ್ಟಿಯಾಗಿವೆ, ಕೋರ್ಟಿನ ಒಳಗಿನ ನಡೆಯನ್ನು ಬಲ್ಲವರ ಹಿಡಿತ ಅಲ್ಲಿ ಕಾಣುತ್ತದೆ. ಆದರೆ ಆ ದೃಶ್ಯಗಳನ್ನು ತಲುಪಲು ಭಯೋತ್ಪಾದಕರ ಸಂಚು, ಬೆನ್ನಟ್ಟುವಿಕೆ, ಇಡೀ ದೇಶವನ್ನು ಅಲುಗಾಡಿಸುವ ಖಳರನ್ನು ಹಾದು ಹೋಗಬೇಕು. ಬರೆಯುವ ಕೈ ಬದಲಾದದ್ದು ಒಂದೇ ಇದಕ್ಕೆ ಕಾರಣವಲ್ಲ ಎಂದು ನನಗನ್ನಿಸುತ್ತದೆ. 1990ರಲ್ಲಿ ನ್ಯೂಯಾರ್ಕ್ ನಗರದಲ್ಲಿ ನಡೆದ ಕೊಲೆಗಳು 2,200 ಮೀರಿದ್ದವು. ಸರಣಿ ಮುಗಿದ 2017ರಲ್ಲಿ ಆ ಸಂಖ್ಯೆ 300ಕ್ಕಿಂತ ಕೆಳಗಿತ್ತು. ಕಡತಗಳ ರಾಶಿಯೇ ಕಥೆಯಾಗಿದ್ದ ನಗರ ಬದಲಾದಾಗ ಕಾದಂಬರಿಗೆ ದೊಡ್ಡ ಶತ್ರುವನ್ನು ಬೇರೆಲ್ಲಿಂದಲೋ ತರಬೇಕಾಯಿತು. ಜೊತೆಗೆ ಕಾರ್ಪ್ ತಾನೇ ಡಿಸ್ಟ್ರಿಕ್ಟ್ ಅಟಾರ್ನಿಯಾಗಿಬಿಟ್ಟ ಮೇಲೆ ಅವನಿಗೆ ಎದುರು ನಿಲ್ಲುವ ಮೇಲಧಿಕಾರಿ ಯಾರೂ ಉಳಿಯುವುದಿಲ್ಲ. ಅದು ಮತದಾರರು ಆರಿಸುವ ಹುದ್ದೆ. ಹೋಗನ್ 1942ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ, ಅವರ ನಂತರ ರಾಬರ್ಟ್ ಮಾರ್ಗೆಂಥಾವ್ 1975ರಿಂದ 2009ರವರೆಗೆ ಅದರಲ್ಲಿದ್ದರು ಎಂದರೆ ಆ ಕುರ್ಚಿಯ ಬಲವನ್ನು ಊಹಿಸಿಕೊಳ್ಳಬಹುದು. ಅಂಥ ಕುರ್ಚಿಯಲ್ಲಿ ಕೂತ ನಾಯಕನಿಗೆ ಸಂಕಟ ಹುಟ್ಟಿಸುವುದು ಕಷ್ಟ.

ಒಂದು ವಿಷಯದಲ್ಲಿ ಮಾತ್ರ ಎರಡೂ ಕಾಲದ ಪುಸ್ತಕಗಳನ್ನು ಎಚ್ಚರದಿಂದ ಓದಬೇಕು. ಇಡೀ ಸರಣಿ ಪ್ರಾಸಿಕ್ಯೂಟರ್ ಕೂರುವ ಮೇಜಿನಿಂದ ನೋಡಿದ ಲೋಕ. ಆರೋಪಿಯ ಪರ ವಾದಿಸುವ ವಕೀಲರು ಇಲ್ಲಿ ಹೆಚ್ಚಾಗಿ ನುಣುಪು ಮಾತಿನವರಾಗಿ, ಅಡ್ಡದಾರಿಯವರಾಗಿ ಬರುತ್ತಾರೆ. ನಿಜದಲ್ಲಿ ಪ್ರಾಸಿಕ್ಯೂಟರ್ ಮೇಜಿನ ಕೈಯಲ್ಲಿ ಎಷ್ಟು ಮಾಹಿತಿ ಬಚ್ಚಿಟ್ಟುಕೊಳ್ಳುವ ಅಧಿಕಾರವಿತ್ತು ಎಂಬುದನ್ನು ನೆನಪಿಡಿ. ಆರೋಪಿಗೆ ಅನುಕೂಲವಾದ ಸಾಕ್ಷ್ಯವನ್ನು ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 1963ರಲ್ಲಿ ಹೇಳಿತು, ಸಾಕ್ಷಿಗಳ ಹಿಂದಿನ ಹೇಳಿಕೆಗಳನ್ನು ಕೊಡಬೇಕೆಂದು ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ 1961ರಲ್ಲೇ ಹೇಳಿತ್ತು. ಆದರೂ ಆ ಕಾಗದಗಳು ಎದುರು ಪಕ್ಷದ ಕೈಗೆ ಸಿಗುತ್ತಿದ್ದದ್ದು ಬಹಳ ಸಲ ವಿಚಾರಣೆ ಹೊಸ್ತಿಲಿಗೆ ಬಂದಾಗ. ಪ್ರಕರಣದ ಆರಂಭದಲ್ಲಿಯೇ ಎಲ್ಲವನ್ನೂ ಒಪ್ಪಿಸಬೇಕೆಂಬ ಕಾನೂನು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ, ಸರಣಿ ಮುಗಿದ ಮೇಲೆ. ಆದ್ದರಿಂದ ಕಾರ್ಪ್ ಕೊನೆಯ ಗಳಿಗೆಯಲ್ಲಿ ಸಾಕ್ಷಿಯೊಬ್ಬರನ್ನು ಮುಂದೆ ತಂದು ಎದುರಾಳಿಯನ್ನು ಬೆಚ್ಚಿಬೀಳಿಸುವ ದೃಶ್ಯ ಬಂದಾಗ, ಆ ಬೆಚ್ಚುವಿಕೆಯ ಬೆಲೆಯನ್ನು ನಿರಪರಾಧಿಗಳೂ ತೆತ್ತಿರಬಹುದೆಂದು ನಾನು ಒಂದು ಕ್ಷಣ ಪುಸ್ತಕವನ್ನು ತಗ್ಗಿಸುತ್ತೇನೆ.

ಕ್ರಮದ ಬಗ್ಗೆ ಕೇಳಿದ್ದೀರಿ. ಮೊದಲ ನಾಲ್ಕನ್ನು ಪ್ರಕಟವಾದ ಕ್ರಮದಲ್ಲೇ ಓದಿ, ಏಕೆಂದರೆ ಕಚೇರಿಯ ಒಳಜಗಳ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ, ಮಾರ್ಲೀನಳಿಗೆ ಆದದ್ದನ್ನು ತಿಳಿಯದೆ ಮುಂದಿನ ಅವಳನ್ನು ಅರಿಯಲಾಗದು. 1995ರ ‘ಕರಪ್ಷನ್ ಆಫ್ ಬ್ಲಡ್’ ವಾಷಿಂಗ್ಟನ್ನಿಗೆ ಹೋಗಿ ಕೆನಡಿ ತನಿಖೆಯನ್ನು ಹಿಡಿಯುತ್ತದೆ, ಅದನ್ನು ಪ್ರತ್ಯೇಕವಾಗಿ ಓದಿದರೂ ನಷ್ಟವಿಲ್ಲ. ಅಲ್ಲಿಂದ ‘ರಿಸಾಲ್ವ್ಡ್’ವರೆಗೆ ಸಿಕ್ಕ ಕ್ರಮದಲ್ಲಿ ಓದಬಹುದು, ಆದರೆ ‘ರಿಸಾಲ್ವ್ಡ್’ಗೆ ಮೊದಲು 1991ರ ‘ಇಮ್ಮಾರಲ್ ಸರ್ಟನ್ಟಿ’ ಓದಿರಲೇಬೇಕು, ಅಲ್ಲಿನ ಒಬ್ಬ ಇಲ್ಲಿಗೆ ಹಿಂತಿರುಗುತ್ತಾನೆ. ‘ಹೋಕ್ಸ್’ ಅನ್ನು ತೆರೆಯುವ ಮೊದಲು ಒಂದೆರಡು ತಿಂಗಳ ಬಿಡುವು ಕೊಡಿ, ಹಳೆಯ ದನಿ ಕಿವಿಯಿಂದ ಇಳಿದಿದ್ದರೆ ಹೊಸದನ್ನು ಅದರದೇ ಲೆಕ್ಕದಲ್ಲಿ ನೋಡಲು ಸಾಧ್ಯವಾಗುತ್ತದೆ. ಐವತ್ತು ಪುಟದೊಳಗೆ ಅದು ನಿಮ್ಮನ್ನು ಹಿಡಿಯದಿದ್ದರೆ ಮುಂದಿನ ಹದಿಮೂರನ್ನು ಕೊಳ್ಳಬೇಡಿ.