ಹಾಸಿಗೆಯ ಪಕ್ಕಕ್ಕೆ ಅಲಾರಂ ಇರುವ ಗಡಿಯಾರ-ರೇಡಿಯೊ: ಅಮೆರಿಕದಿಂದ ತರಿಸಬಹುದೇ?

ಬೆಳಗಿನ ಪಾಳಿಗೆ ಏಳಬೇಕು, ಮೊಬೈಲನ್ನು ಮಲಗುವ ಕೋಣೆಯಿಂದ ಹೊರಗಿಡಬೇಕು, ರೇಡಿಯೊ ಕೇಳುತ್ತ ಎಚ್ಚರವಾಗಬೇಕು ಎಂದು ಬರೆದಿದ್ದೀರಿ. ನ್ಯೂಜೆರ್ಸಿಯ ಅಕ್ಕ ಮುಂದಿನ ತಿಂಗಳು ಮಣಿಪಾಲಕ್ಕೆ ಬರುವಾಗ ತರುವ ಗಡಿಯಾರ-ರೇಡಿಯೊ ಯಾವ ಮಾದರಿಯದ್ದಾಗಿರಬೇಕು, ಅದಕ್ಕೊಂದು ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕಲ್ಲವೇ ಎಂಬುದು ನಿಮ್ಮ ಪ್ರಶ್ನೆ. ನನಗೂ ಅಂಥದ್ದೊಂದನ್ನು ತಂದುಕೊಟ್ಟವರು ಭಾವ. ಅದು ಬಂದದ್ದು ಸೌದಿಯ ದಮ್ಮಾಮಿನಿಂದ, 2008ರ ಜನವರಿಯಲ್ಲಿ.

ಆಗ ನಾನು ಉಡುಪಿಯ ಕುಂಜಿಬೆಟ್ಟಿನಲ್ಲಿ ಬಾಡಿಗೆ ಕೋಣೆಯೊಂದರಲ್ಲಿದ್ದೆ. ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕನಾಗಿದ್ದೆ. ಅಂದರೆ ಪಾಠ ಪೂರ್ತಿ, ಸಂಬಳ ಅರ್ಧ. ಧಾರವಾಡದಲ್ಲಿ ಕಾಯಂ ಹುದ್ದೆಯೊಂದರ ಸಂದರ್ಶನಕ್ಕೆ ಮಧ್ಯಾಹ್ನ ಎರಡು ಗಂಟೆಗೆ ಬರಬೇಕೆಂದು ಕರೆ ಬಂದಿತ್ತು. ಬೆಳಿಗ್ಗೆ ಆರರ ಬಸ್ಸು ಹಿಡಿದರೆ ಕುಂದಾಪುರ, ಭಟ್ಕಳ, ಅಂಕೋಲಾ ದಾಟಿ, ಅರಬೈಲು ಘಟ್ಟ ಹತ್ತಿ, ಹುಬ್ಬಳ್ಳಿಯ ಮೇಲಾಗಿ ಹೊತ್ತಿಗೆ ಸರಿಯಾಗಿ ತಲುಪಬಹುದೆಂದು ಲೆಕ್ಕ ಹಾಕಿದ್ದೆ. ಕೃಷ್ಣಮಠದ ಪೂಜೆಯ ಸರದಿ ಬದಲಾಗುವ, ಹದಿನೆಂಟನೆಯ ತಾರೀಖಿನ ಪರ್ಯಾಯದ ಗದ್ದಲ ಮುಗಿದು ಆಗಷ್ಟೇ ಒಂದು ವಾರ ಕಳೆದಿತ್ತು.

ಹೊರಡುವ ಹಿಂದಿನ ಸಂಜೆ ಭಾವ ಪೆಟ್ಟಿಗೆಯೊಂದನ್ನು ಹಿಡಿದು ಬಂದರು. ಕೆಂಪು ಅಂಕಿಗಳು, ಎರಡು ಅಲಾರಂ, ಎಫ್ಎಂ ಮತ್ತು ಮೀಡಿಯಂ ವೇವ್, ತಿರುಗಿಸುವ ಟ್ಯೂನರು. ಕರೆಂಟು ಹೋದರೆ ಗಡಿಯಾರ ನಿಲ್ಲದಿರಲೆಂದು ಒಳಗೆ ಒಂಬತ್ತು ವೋಲ್ಟಿನ ಬ್ಯಾಟರಿಗೂ ಜಾಗವಿತ್ತು. ಸೌದಿಯ ಸಾಮಾನು ನಮ್ಮಲ್ಲಿ ಓಡುತ್ತದೆಯೇ ಎಂದು ನಾನು ಕೇಳಿದ್ದು ನಿಜ. ಭಾವ ಪೆಟ್ಟಿಗೆಯನ್ನು ಮಗುಚಿ ಹಿಂದಿನ ಚೀಟಿ ತೋರಿಸಿದರು: 220 ವೋಲ್ಟ್. ನಮ್ಮದೂ ಹೆಚ್ಚು ಕಡಿಮೆ ಅಷ್ಟೇ ತಾನೇ ಎಂದು ಇಬ್ಬರೂ ಸಮಾಧಾನಪಟ್ಟುಕೊಂಡೆವು. ಪಿನ್ನಿಗೊಂದು ಅಡಾಪ್ಟರ್ ಹಾಕಿದೆ. ರಾತ್ರಿಯಲ್ಲಿ ಕರೆಂಟು ಕೈಕೊಡಬಾರದೆಂದು ಅಂಗಡಿಗೆ ಓಡಿ ಬ್ಯಾಟರಿಯನ್ನೂ ತಂದೆ. ಕೈಗಡಿಯಾರ ನೋಡಿ ಸರಿಯಾಗಿ ಹತ್ತು ಗಂಟೆಗೆ ಸಮಯ ಹೊಂದಿಸಿ, ಐದಕ್ಕೆ ರೇಡಿಯೊ ಹಾಡುವಂತೆ ಇಟ್ಟೆ. ನಿಲ್ದಾಣ ಮಂಗಳೂರು ಆಕಾಶವಾಣಿ, 1089 ಕಿಲೋಹರ್ಟ್ಜ್. ಅದರ ಪ್ರಸಾರ ಗೋಪುರ ಬ್ರಹ್ಮಾವರದಲ್ಲೇ ಇದ್ದುದರಿಂದ ಉಡುಪಿಯಲ್ಲಿ ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ಚಾವಿ ಕೊಡುವ ಹಳೆಯ ಟೈಂಪೀಸಿಗೆ ಅಂದು ಚಾವಿ ಕೊಡಲಿಲ್ಲ. ಮೊಬೈಲನ್ನು ಆರಿಸಿ ಚಾರ್ಜಿಗೆ ಇಟ್ಟೆ.

ಅದೇ ಚೀಟಿಯಲ್ಲಿ 220 ವೋಲ್ಟ್ ಎಂಬುದರ ಪಕ್ಕದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, 60 ಹರ್ಟ್ಜ್ ಎಂದು ಬರೆದಿತ್ತು. ನಾನು ಅದನ್ನು ಓದಲಿಲ್ಲ ಎಂದು ಹೇಳಲಾರೆ. ಓದಿದ್ದೆ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹದಿನೈದು ದಿನಗಳ ಹಿಂದಷ್ಟೇ ಪರ್ಯಾಯ ವಿದ್ಯುತ್ತಿನ ಪಾಠ ಮಾಡುವಾಗ ಭಾರತದಲ್ಲಿ ಅದರ ಆವೃತ್ತಿ (ಸೆಕೆಂಡಿಗೆ ಎಷ್ಟು ಸುತ್ತು ಎಂಬುದು) 50 ಹರ್ಟ್ಜ್ ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆದವನು ನಾನೇ. (ಉಡುಪಿಯ ಹುಡುಗರಿಗೆ ಆ ಪಾಠ ಮಾಡುವುದು ಸುಲಭ: ಮಠದ ಪರ್ಯಾಯ ಎರಡು ವರ್ಷಕ್ಕೊಮ್ಮೆ ಬದಲಾದರೆ ಗೋಡೆಯೊಳಗಿನ ಪರ್ಯಾಯ ಸೆಕೆಂಡಿಗೆ ಐವತ್ತು ಬಾರಿ ಸುತ್ತಿ ಬರುತ್ತದೆ ಎಂದರೆ ನಗುತ್ತಾರೆ, ಮರೆಯುವುದಿಲ್ಲ.)

ಈ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಮಾಡಹೊರಟಿರುವುದೂ ಇದನ್ನೇ. ಗೋಡೆಯ ಪ್ಲಗ್ಗಿನಿಂದ ಓಡುವ ಅಗ್ಗದ ಗಡಿಯಾರ-ರೇಡಿಯೊಗಳಲ್ಲಿ ಹೆಚ್ಚಿನವಕ್ಕೆ ಕಾಲದ ಸ್ವಂತ ಅರಿವಿಲ್ಲ. ವಿದ್ಯುತ್ತಿನ ಆವರ್ತಗಳನ್ನು ಒಂದೊಂದಾಗಿ ಎಣಿಸುತ್ತ, ಅರವತ್ತಾದ ಕೂಡಲೇ ಒಂದು ಸೆಕೆಂಡಾಯಿತೆಂದು ಅವು ನಂಬುತ್ತವೆ. ಸೌದಿಯಲ್ಲೂ ಅಮೆರಿಕದಲ್ಲೂ ಆವೃತ್ತಿ 60 ಆದ್ದರಿಂದ ಆ ನಂಬಿಕೆ ಅಲ್ಲಿ ನಿಜ. ನಮ್ಮಲ್ಲಿ ಸೆಕೆಂಡಿಗೆ ಐವತ್ತೇ ಬರುವುದರಿಂದ ಅರವತ್ತು ಎಣಿಸಲು 1.2 ಸೆಕೆಂಡು ಬೇಕು. ಗಡಿಯಾರದ ಒಂದು ನಿಮಿಷ ನಮ್ಮ 72 ಸೆಕೆಂಡುಗಳಾಗುತ್ತದೆ, ನಮ್ಮ ಒಂದು ಗಂಟೆ ಅದಕ್ಕೆ ಐವತ್ತೇ ನಿಮಿಷ. ದಿನಕ್ಕೆ ನಾಲ್ಕು ಗಂಟೆ ಹಿಂದೆ ಬೀಳುವ ಯಂತ್ರವದು. ಟ್ರಾನ್ಸ್‌ಫಾರ್ಮರ್ ಹಾಕಿದರೆ ಸರಿಹೋಗುತ್ತದೆ ಎಂದು ನಿಮಗೆ ಹೇಳಿದವರು ಅರ್ಧ ಮಾತ್ರ ಹೇಳಿದ್ದಾರೆ. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 120ಕ್ಕೆ ಇಳಿಸುತ್ತದೆ, ಯಂತ್ರ ಸುಡದಂತೆ ನೋಡಿಕೊಳ್ಳುತ್ತದೆ. ಆವೃತ್ತಿಯನ್ನು ಅದು ಮುಟ್ಟುವುದೇ ಇಲ್ಲ, ಐವತ್ತು ಒಳಗೆ ಹೋದರೆ ಐವತ್ತೇ ಹೊರಗೆ ಬರುತ್ತದೆ. ಗಡಿಯಾರ ಸುಟ್ಟುಹೋದರೆ ಅದು ಕೆಟ್ಟಿದೆಯೆಂದಾದರೂ ತಿಳಿಯುತ್ತದೆ. ಸುಡದೆ, ಅಂಕಿಗಳನ್ನು ಚೆಂದವಾಗಿ ಬೆಳಗಿಸುತ್ತ, ಶಾಂತವಾಗಿ ಸುಳ್ಳು ಹೇಳುವ ಗಡಿಯಾರವನ್ನು ನೀವು ಅನುಮಾನಿಸುವುದೇ ಇಲ್ಲ.

ಹಾಗಾಗಿ ಆ ರಾತ್ರಿ ಅದರ ಏಳು ಗಂಟೆಗಳು ಮುಗಿಯಲು ಎಂಟು ಗಂಟೆ ಇಪ್ಪತ್ತನಾಲ್ಕು ನಿಮಿಷ ಹಿಡಿದವು. ರೇಡಿಯೊದಲ್ಲಿ ಭಕ್ತಿಗೀತೆ ಕೇಳಿ ನಾನು ಕಣ್ಣು ತೆರೆದಾಗ ಕೆಂಪು ಅಂಕಿ 5:00 ತೋರಿಸುತ್ತಿತ್ತು. ನಿಜವಾದ ಸಮಯ 6:24, ನನ್ನ ಬಸ್ಸು ಆ ಹೊತ್ತಿಗೆ ಬ್ರಹ್ಮಾವರವನ್ನು ದಾಟಿದ್ದಿರಬೇಕು. ನಾನು ಮೈಮುರಿದು ಎದ್ದೆ, ನೀರು ಕಾಯಿಸಿದೆ, ನಿಧಾನವಾಗಿ ಸ್ನಾನ ಮಾಡಿದೆ. ಕಿಟಕಿಯ ಹೊರಗಿನ ಮಬ್ಬು ಬೆಳಕನ್ನು ಕಂಡು ಬೆಳದಿಂಗಳೆಂದುಕೊಂಡೆ. ಹುಣ್ಣಿಮೆ ಕಳೆದು ಎರಡು ಮೂರು ದಿನಗಳಷ್ಟೇ ಆಗಿದ್ದುದರಿಂದ ಆ ತಪ್ಪಿಗೂ ಒಂದು ನೆಪವಿತ್ತು. ಅಂಗಿಯ ಗುಂಡಿ ಹಾಕುತ್ತಿದ್ದಾಗ ರೇಡಿಯೊದಲ್ಲಿ "ಇಯಂ ಆಕಾಶವಾಣಿ" ಎಂದು ಸಂಸ್ಕೃತ ವಾರ್ತೆ ಆರಂಭವಾಯಿತು. ಗಡಿಯಾರ ನೋಡಿದೆ, 5:25. ಸಂಸ್ಕೃತ ವಾರ್ತೆ ಆಗ ಬರುತ್ತಿದ್ದುದು ಬೆಳಿಗ್ಗೆ 6:55ಕ್ಕೆ ಎಂಬುದು ನಮ್ಮ ಕರಾವಳಿಯಲ್ಲಿ ರೇಡಿಯೊ ಕೇಳಿ ಬೆಳೆದ ಯಾವ ಮನೆಯವರಿಗೂ ಗೊತ್ತು. ಅಮ್ಮ ನಮ್ಮನ್ನು ಶಾಲೆಗೆ ಹೊರಡಿಸುತ್ತಿದ್ದುದೇ ಆ ದನಿಯನ್ನು ಹಿಡಿದು. ಒಂದೇ ಪೆಟ್ಟಿಗೆಯ ಒಳಗೆ ರೇಡಿಯೊ ಒಂದು ಸಮಯ ಹೇಳುತ್ತಿತ್ತು, ಗಡಿಯಾರ ಇನ್ನೊಂದು. ಯಾವುದು ಸುಳ್ಳೆಂದು ಯೋಚಿಸಲು ಒಂದು ಕ್ಷಣವೂ ಬೇಕಾಗಲಿಲ್ಲ.

ಏಳೂವರೆಯ ಬಸ್ಸು ಸಿಕ್ಕಿತು. ಧಾರವಾಡ ತಲುಪಿದಾಗ ಮೂರು ದಾಟಿ ಕಾಲು ಗಂಟೆಯಾಗಿತ್ತು, ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಗೈರುಹಾಜರಿ ಎಂದು ಬರೆದಾಗಿತ್ತು. ಗಡಿಯಾರದ ಆವೃತ್ತಿ ತಪ್ಪಿತ್ತೆಂದು ಭೌತಶಾಸ್ತ್ರದ ಅಭ್ಯರ್ಥಿಯೊಬ್ಬ ಹೇಗೆ ವಿವರಿಸುವುದು? ಬಾಯಿ ಮುಚ್ಚಿಕೊಂಡು ಮರಳಿದೆ. ಮುಂದೆ ನಾಲ್ಕು ವರ್ಷ ಅತಿಥಿಯಾಗಿಯೇ ಉಳಿದೆ.

ನಿಮ್ಮ ಆಸೆಗೆ ಹೆಚ್ಚು ಸಂಬಂಧಿಸಿದ ಇನ್ನೊಂದು ಸಂಗತಿ ನನಗೆ ಹೊಳೆದದ್ದು ಮರಳುವ ಬಸ್ಸಿನಲ್ಲಿ. ಗಡಿಯಾರ ಸರಿಯಿದ್ದಿದ್ದರೂ ನಾನು ಏಳುತ್ತಿರಲಿಲ್ಲ. ಮಂಗಳೂರು ನಿಲ್ದಾಣದ ಬೆಳಗಿನ ಪ್ರಸಾರ ಶುರುವಾಗುತ್ತಿದ್ದುದೇ ಆರಕ್ಕೆ ತುಸು ಮೊದಲು. ಐದಕ್ಕೆ ಸರಿಯಾಗಿ ರೇಡಿಯೊ ತೆರೆದುಕೊಂಡಿದ್ದರೆ ಬರುತ್ತಿದ್ದುದು ಬರಿಯ ಸೂ ಎಂಬ ಸದ್ದು. ಹಂಚಿನ ಮೇಲೆ ಸುರಿಯುವ ಆಷಾಢದ ಮಳೆಯಂತಹ ಆ ಸದ್ದಿಗೆ ನಮ್ಮ ಊರಿನವರು ಎಚ್ಚರವಾಗುವುದಿಲ್ಲ, ಹೊದಿಕೆಯನ್ನು ಇನ್ನಷ್ಟು ಎಳೆದುಕೊಳ್ಳುತ್ತಾರೆ. ಖಾಸಗಿ ನಿಲ್ದಾಣಗಳು ಇಡೀ ರಾತ್ರಿ ಹಾಡುತ್ತವಲ್ಲ ಎನ್ನಬಹುದು. ಆದರೆ ಪರಿಚಿತ ಹಾಡು ಕನಸಿನೊಳಗೆ ಎಷ್ಟು ಸಲೀಸಾಗಿ ಸೇರಿಕೊಳ್ಳುತ್ತದೆಂದು ಆಮೇಲಿನ ವರ್ಷಗಳಲ್ಲಿ ಸಾಕಷ್ಟು ಸಲ ಅನುಭವಿಸಿದ್ದೇನೆ. ರೇಡಿಯೊ ಎದ್ದವರ ಸಂಗಾತಿ. ಮಲಗಿದವರನ್ನು ಎಬ್ಬಿಸುವ ಕೆಲಸವನ್ನು ಅದಕ್ಕೆ ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಯಾವ ಮಾದರಿ ಎಂಬ ನಿಮ್ಮ ಪ್ರಶ್ನೆಗೆ ನಾನು ನೇರ ಉತ್ತರ ಕೊಡದಿರುವುದಕ್ಕೂ ಇದೇ ಕಾರಣ.

ಆ ಪೆಟ್ಟಿಗೆಯನ್ನು ಎಸೆಯಲಿಲ್ಲ. ಮುಂದಿನ ಭಾನುವಾರ ಸ್ಕ್ರೂ ಬಿಚ್ಚಿ ನೋಡಿದರೆ ಒಳಗೆ ಇದ್ದದ್ದು ಎಲ್‌ಎಂ 8560 ಎಂಬ ಗಡಿಯಾರದ ಚಿಪ್. ಅದರಲ್ಲಿ 50 ಬೇಕೋ 60 ಬೇಕೋ ಎಂದು ಆರಿಸಲು ಒಂದು ಪಿನ್ನನ್ನೇ ಮೀಸಲಿಟ್ಟಿರುತ್ತಾರೆ. ನನ್ನದರಲ್ಲಿ ಒಂದು ತುಂಡು ತಂತಿಯನ್ನು ಬಿಡಿಸಿ ಬೇರೆ ಕಡೆ ಬೆಸುಗೆ ಹಾಕಿದ್ದಷ್ಟೇ ರಿಪೇರಿ. ಹತ್ತು ನಿಮಿಷದ ಕೆಲಸ! ಆಮೇಲೂ ಅದು ಕೆಲವು ದಿನ ಒಂದೆರಡು ನಿಮಿಷ, ಕೆಲವು ದಿನ ಇನ್ನೂ ಹೆಚ್ಚು ಹಿಂದೆ ಬೀಳುತ್ತಿತ್ತು. ದಕ್ಷಿಣದ ವಿದ್ಯುತ್ ಜಾಲ ಆಗ ದೇಶದ ಉಳಿದ ಜಾಲದಿಂದ ಬೇರೆಯಾಗಿತ್ತು, ಬೇಡಿಕೆ ಏರಿದಾಗ ನಮ್ಮ ಐವತ್ತು ಐವತ್ತಾಗಿ ಉಳಿಯುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ಜಾಲಗಳು ಒಂದಾದವು. ಈಗ ಆವೃತ್ತಿಯನ್ನು 49.90 ಮತ್ತು 50.05ರ ನಡುವೆ ಇಡಬೇಕೆಂಬ ನಿಯಮವಿದೆ. ಪರಿಸ್ಥಿತಿ ಸುಧಾರಿಸಿದೆ, ಆದರೂ ನನ್ನ ನಿದ್ದೆಯನ್ನು ಜಾಲದ ಕೈಗೆ ಒಪ್ಪಿಸಲು ನಾನು ಸಿದ್ಧನಿಲ್ಲ.

ಅಮೆರಿಕದ್ದೇ ಬೇಕೆನ್ನುವಿರಾದರೆ ಅದರ ರೇಡಿಯೊ ಭಾಗದ ಕಥೆಯನ್ನೂ ಕೇಳಿ. ಅಲ್ಲಿನ ಡಿಜಿಟಲ್ ಟ್ಯೂನರುಗಳು ಎಫ್ಎಂನಲ್ಲಿ 88.1, 88.3, 88.5 ಎಂದು ಬೆಸ ಅಂಕಿಗಳ ಮೇಲೆ ಮಾತ್ರ ನಿಲ್ಲುತ್ತವೆ. ಮಂಗಳೂರು ಆಕಾಶವಾಣಿಯ 100.3 ಸಿಗುತ್ತದೆ, ಖಾಸಗಿ ನಿಲ್ದಾಣಗಳ 92.7, 93.5, 98.3 ಸಿಗುತ್ತವೆ. ಆದರೆ ನಿಮ್ಮ ಮನೆಯಂಗಳದ ರೇಡಿಯೊ ಮಣಿಪಾಲ್ ಇರುವುದು 90.4ರಲ್ಲಿ, ಮಂಗಳೂರಿನ ರೇಡಿಯೊ ಸಾರಂಗ್ 107.8ರಲ್ಲಿ, ಅವೆರಡರ ಮೇಲಿಂದ ಟ್ಯೂನರು ಜಿಗಿದು ಹೋಗುತ್ತದೆ. ಮೀಡಿಯಂ ವೇವಿನಲ್ಲಿ ಅಲ್ಲಿ ಹತ್ತು ಹತ್ತರ ಹೆಜ್ಜೆ, ನಮ್ಮಲ್ಲಿ ಒಂಬತ್ತರದ್ದು. 1089ರ ಬದಲು 1090ರಲ್ಲಿ ನಿಂತು ದನಿ ಕರಕರ ಎನ್ನುತ್ತದೆ. ಸಮಯವನ್ನು ತಾನೇ ಹೊಂದಿಸಿಕೊಳ್ಳುತ್ತದೆಂದು ಹೊಗಳಿಸಿಕೊಳ್ಳುವ ಮಾದರಿಗಳು ಇನ್ನೂ ಅಪಾಯಕಾರಿ. ಕೆಲವು ಕೊಲೊರಾಡೊದಿಂದ ಬರುವ ಸಮಯ ಸಂಕೇತಕ್ಕಾಗಿ ಕಾಯುತ್ತವೆ, ಅದು ಇಲ್ಲಿಗೆ ತಲುಪುವುದಿಲ್ಲ. ಇನ್ನು ಕೆಲವು ಅಲ್ಲಿನ ಪದ್ಧತಿಯಂತೆ ಮಾರ್ಚಿನಲ್ಲಿ ಒಂದು ಗಂಟೆ ಮುಂದಕ್ಕೆ, ನವೆಂಬರಿನಲ್ಲಿ ಒಂದು ಗಂಟೆ ಹಿಂದಕ್ಕೆ ತಾವಾಗಿಯೇ ಸರಿಯುತ್ತವೆ. ಬೆಳಗಿನ ಪಾಳಿಯವರಿಗೆ ನವೆಂಬರಿನ ಆ ಒಂದು ಭಾನುವಾರ ಸಾಕು.

ಆದ್ದರಿಂದ ಎರಡು ಕೆಲಸಕ್ಕೆ ಎರಡು ವಸ್ತು ಕೊಳ್ಳಿ. ಎಬ್ಬಿಸಲು ಒಂದೇ ಸೆಲ್ಲಿನಿಂದ ಓಡುವ, ಕರ್ಕಶವಾಗಿ ಕೂಗುವ ಸಾದಾ ಕ್ವಾರ್ಟ್ಜ್ ಟೈಂಪೀಸು ಸಾಕು. ಅದರೊಳಗಿನ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಅದನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಸೆಕೆಂಡು. ನ್ಯೂಜೆರ್ಸಿಯಾಗಲಿ, ದಮ್ಮಾಮಾಗಲಿ, ಮಣಿಪಾಲವಾಗಲಿ ಅದಕ್ಕೆ ಒಂದೇ, ಗುಡುಗು ಸಿಡಿಲಿಗೆ ಕರೆಂಟು ಹೋದದ್ದೂ ಅದಕ್ಕೆ ಗೊತ್ತಾಗುವುದಿಲ್ಲ. ಕೈಗೆಟುಕದ ದೂರದಲ್ಲಿ ಇಡಿ. ವರ್ಷಕ್ಕೊಮ್ಮೆ, ಮಳೆಗಾಲ ಶುರುವಾಗುವ ಮುನ್ನ, ಸೆಲ್ಲು ಬದಲಿಸಿ. ನಮ್ಮ ಉಪ್ಪುಗಾಳಿಗೆ ಸ್ಪ್ರಿಂಗಿನ ಮೇಲೆ ಹಸಿರು ಕಿಲುಬು ಹಿಡಿದಿದ್ದರೆ ಆಗಲೇ ಉಜ್ಜಿಬಿಡಿ. ಕೇಳಲು ಇಲ್ಲಿಯದೇ ಒಂದು ಸಣ್ಣ ರೇಡಿಯೊ ಇರಲಿ, ಎದ್ದ ಮೇಲೆ ಕೈಯಿಂದಲೇ ಹಾಕಿಕೊಳ್ಳಿ. ಛಾವಣಿಯ ಮೇಲೆ ಸಮಯ ಮೂಡಿಸುವ ಪ್ರೊಜೆಕ್ಟರು, ಬ್ಲೂಟೂತು ಇತ್ಯಾದಿಗಳನ್ನೂ ಕೇಳಿದ್ದೀರಿ. ನಡುರಾತ್ರಿ ಎಚ್ಚರವಾದಾಗ ಇನ್ನೆಷ್ಟು ಗಂಟೆ ಉಳಿದಿದೆಯೆಂದು ಲೆಕ್ಕ ಹಾಕಿಸುವ ವಸ್ತುವಿಗೆ ದುಡ್ಡು ಕೊಡುವುದೇಕೆಂದು ನನಗೆ ಅರ್ಥವಾಗಿಲ್ಲ.

ಅಕ್ಕ ಈಗಾಗಲೇ ಕೊಂಡಾಗಿದ್ದರೆ, ಪೆಟ್ಟಿಗೆ ಕಟ್ಟುವ ಮುನ್ನ ಹಿಂಬದಿಯ ಚೀಟಿಯ ಫೋಟೊ ಕಳುಹಿಸಲು ಹೇಳಿ. ಅದರಲ್ಲಿ 120 ವೋಲ್ಟ್, 60 ಹರ್ಟ್ಜ್ ಎಂದು ಮಾತ್ರ ಇದ್ದರೆ ಅಲ್ಲಿಯೇ ಹಿಂತಿರುಗಿಸಲಿ. 50/60 ಎಂದಿದ್ದರೂ ಅದು ಅಡಾಪ್ಟರಿನ ಮಾತಾಗಿರಬಹುದು, ಟ್ಯೂನರಿನದ್ದಲ್ಲ. ಇಲ್ಲಿಗೆ ಬಂದ ಮೇಲೆ ರಜೆಯ ಎರಡು ದಿನ ಟೈಂಪೀಸಿನ ಪಕ್ಕದಲ್ಲಿಟ್ಟು ಸಮಯ ಹೋಲಿಸಿ ನೋಡಿ, 90.4 ಸಿಗುತ್ತದೆಯೇ ಎಂದೂ ನೋಡಿ.