ಆಮು ದರ್ಯಾ ಕ್ಯಾಸ್ಪಿಯನ್ ಸೇರುತ್ತಿತ್ತೇ?

ಈಗ ಅರಲ್ ಸಮುದ್ರದ ಕಡೆಗೆ ಹರಿಯುವ ಮಧ್ಯ ಏಷ್ಯಾದ ಆಮು ದರ್ಯಾ ನದಿ ಹಿಂದೆ ಕ್ಯಾಸ್ಪಿಯನ್ ಸಮುದ್ರ ಸೇರುತ್ತಿದ್ದದ್ದು ನಿಜವಾ ಅಂತ ಕೇಳಿದ್ದೀರಿ. ನಿಜ, ಆದರೆ ನೇರವಾಗಿ ಅಲ್ಲ.

ಪಾಮೀರ್ ಬೆಟ್ಟಗಳಿಂದ ಇಳಿಯುವ ಈ ನದಿ ಸಿಕ್ಕಾಪಟ್ಟೆ ಹೂಳು ಹೊತ್ತು ತರುತ್ತದೆ. ನದಿಯ ಕೆಳಭಾಗದ ಖೊರೆಜ್ಮ್ ಪ್ರದೇಶದ ಸಮತಟ್ಟು ಬಯಲಿನಲ್ಲಿ ಆ ಹೂಳು ಕೂತು ನದಿಯ ತಳ ಮೇಲೇರುತ್ತದೆ. ಆಗ ನೀರು ಬೇರೆ ದಾರಿ ಹುಡುಕುತ್ತದೆ. ಪಶ್ಚಿಮಕ್ಕೆ ತಿರುಗಿದಾಗ ಮೊದಲು ಸಾರಿಕಮಿಶ್ ತಗ್ಗು ತುಂಬುತ್ತಿತ್ತು. ಅದೂ ತುಂಬಿ ಉಕ್ಕಿದರೆ ಮಾತ್ರ ಉಜ್ಬೋಯ್ ಎಂಬ ಹಾದಿಯಲ್ಲಿ ನೀರು ಕರಾಕುಮ್ ಮರಳುಗಾಡು ದಾಟಿ ಕ್ಯಾಸ್ಪಿಯನ್ ಮುಟ್ಟುತ್ತಿತ್ತು. ಒಣಗಿದ ಆ ಪಾತ್ರ ಇವತ್ತಿಗೂ ತುರ್ಕಮೆನಿಸ್ತಾನದಲ್ಲಿದೆ. ಉಪಗ್ರಹ ಚಿತ್ರದಲ್ಲಿ ಹುಡುಕಿ ನೋಡಿ, ತಿರುವುಗಳು ಚೆನ್ನಾಗಿ ಕಾಣುತ್ತವೆ.

ಮನುಷ್ಯರ ಕೈವಾಡವೂ ಇದೆ. 1221ರಲ್ಲಿ ಮಂಗೋಲರು ಖೊರೆಜ್ಮ್‌ನ ಗುರ್ಗಂಜ್ ನಗರವನ್ನು ಹಿಡಿದಾಗ ನದಿಯ ಕಟ್ಟೆಗಳನ್ನೂ ಒಡೆದರು. ನೀರು ಸಾರಿಕಮಿಶ್ ಕಡೆ ನುಗ್ಗಿತು. ಆ ನಗರ ಮತ್ತೆ ಎದ್ದು ನಿಂತಿತು ಅನ್ನೋದು ನನಗೆ ಬಹಳ ದೊಡ್ಡ ವಿಷಯ. ಆದರೆ 16ನೇ ಶತಮಾನದ ಹೊತ್ತಿಗೆ ನದಿ ಮತ್ತೆ ಅರಲ್ ಕಡೆ ಹೊರಳಿತು. ನೀರಿಲ್ಲದೆ ಜನ ಊರು ಬಿಟ್ಟರು, ಖೀವಾ ನಗರ ಖೊರೆಜ್ಮ್‌ನ ರಾಜಧಾನಿಯಾಯಿತು.

ರಷ್ಯಾದ ಪೀಟರ್ ದೊರೆಗೂ ನದಿಯನ್ನು ಕ್ಯಾಸ್ಪಿಯನ್‌ಗೆ ತಿರುಗಿಸುವ ಆಸೆಯಿತ್ತು. 1717ರಲ್ಲಿ ಅವನು ಕಳಿಸಿದ ದಂಡಿನ ನಾಯಕ ಬೆಕೊವಿಚ್ ಚೆರ್ಕಾಸ್ಕಿಯನ್ನು ಖೀವಾದವರು ಕೊಂದರು. 1954ರಲ್ಲಿ ಸೋವಿಯತ್ ಸರ್ಕಾರ ತೋಡಲು ಶುರುಮಾಡಿದ ಕರಾಕುಮ್ ಕಾಲುವೆ ಈಗಲೂ ಇದೇ ನದಿಯ ನೀರನ್ನು ಪಶ್ಚಿಮಕ್ಕೆ ಒಯ್ಯುತ್ತಿದೆ.